‘ಆ್ಯಂಗ್ರಿ’ ಎಂಬ ಪದವೂ ನಮ್ಮ ‘ಮೇಲೆ’ಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗಳ ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದಿದ ಅಧ್ಯಾಪಕರಿಗೆ ‘ದಿ ಫಾದರ್ ವಾಸ್ ಆ್ಯಂಗ್ರಿ ಆನ್ ಹಿಸ್ ಸನ್’ ಎಂಬ ಮಾದರಿಯ ವಾಕ್ಯ ಅಪರಿಚಿತವಲ್ಲ. ‘ಆನ್’ ಎಂಬುದರ ಕೆಳಗೆ ಒಂದು ಕೆಂಪು ಗೆರೆ ಬೀಳುತ್ತದೆ, ಅದರ ನೆತ್ತಿಯಲ್ಲಿ ‘ವಿತ್’ ಎಂದು ಬರೆಯಲಾಗುತ್ತದೆ, ಅಂಕ ಕಳೆಯಲಾಗುತ್ತದೆ. ಮರುವರ್ಷ ಅದೇ ವಿದ್ಯಾರ್ಥಿ ಅದೇ ತಪ್ಪನ್ನು ಮತ್ತೆ ಮಾಡುತ್ತಾನೆ. ನಾವೂ ಹಲವು ವರ್ಷ ಹಾಗೆ ಗೆರೆ ಎಳೆದವರೇ. ಆ ಗೆರೆ ಏನನ್ನೂ ಕಲಿಸಲಿಲ್ಲವೆಂಬ ಅರಿವೇ ಈ ಲೇಖನಕ್ಕೆ ಪ್ರೇರಣೆ.

ಇದನ್ನು ಅಜಾಗರೂಕತೆಯ ಫಲವೆಂದು ಭಾವಿಸುವುದು ವಾಡಿಕೆ. ಆದರೆ ಅಜಾಗರೂಕತೆಯಿಂದ ಆಗುವ ತಪ್ಪು ಒಬ್ಬೊಬ್ಬರಲ್ಲಿ ಒಂದೊಂದು ರೀತಿಯಾಗಿರಬೇಕು. ಎಲ್ಲರೂ ಒಂದೇ ಸ್ಥಳದಲ್ಲಿ ಒಂದೇ ತಪ್ಪು ಪದವನ್ನು ಇಡುತ್ತಿದ್ದರೆ ಅಲ್ಲಿ ಒಂದು ನಿಯಮ ಕೆಲಸಮಾಡುತ್ತಿದೆ ಎಂದೇ ತಿಳಿಯಬೇಕು. ಆ ನಿಯಮ ಇಂಗ್ಲಿಷಿನದಲ್ಲ, ಕನ್ನಡದ್ದು. ‘ನನಗೆ ಅವನ ಮೇಲೆ ಸಿಟ್ಟು ಬಂತು’ ಎಂಬುದು ನಮ್ಮ ನುಡಿ. ಈ ಸೀಮೆಯ ಆಡುಮಾತಿನಲ್ಲಿ ‘ನಂಗ ಅವನ ಮ್ಯಾಲ ಸಿಟ್ಟ ಬಂತು’. ವಿದ್ಯಾರ್ಥಿ ಈ ‘ಮೇಲೆ’ಯನ್ನು ನಿಷ್ಠೆಯಿಂದ ‘ಆನ್’ ಆಗಿ ಪರಿವರ್ತಿಸುತ್ತಾನೆ.

ಸುತ್ತಲಿನ ಭಾಷೆಗಳೂ ಈ ನಿಷ್ಠೆಯನ್ನು ಬಲಪಡಿಸುತ್ತವೆ. ಈ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಭಾಗ; 2021ರಿಂದ ವಿಜಯನಗರ ಜಿಲ್ಲೆಯದು. ತೆಲುಗಿನ ನೆರೆ ಇಲ್ಲಿಗೆ ಹೊಸದಲ್ಲ. ತೆಲುಗಿನಲ್ಲಿಯೂ ಕೋಪ ‘ಮೀದ’, ಎಂದರೆ ಮೇಲೆಯೇ ಬರುತ್ತದೆ. ಉರ್ದು-ಹಿಂದಿಗಳ ‘ಗುಸ್ಸಾ’ ‘ಪರ್’ ಎಂಬುದನ್ನು ಹಿಡಿಯುತ್ತದೆ. ಅದೂ ಮೇಲೆ ಎಂಬ ಅರ್ಥದ್ದೇ. ಹೀಗೆ ಸಂತೆಯಲ್ಲಿ ಕೇಳುವ ಮೂರು ಭಾಷೆಗಳೂ ಒಂದನ್ನೇ ಹೇಳುತ್ತಿರಲು, ಪಠ್ಯಪುಸ್ತಕದ ನಾಲ್ಕನೆಯ ಭಾಷೆ ಮಾತ್ರ ಬೇರೆಯಾಗಿ ನುಡಿಯುವುದೆಂದು ಹುಡುಗನಿಗೆ ತಾನಾಗಿ ಹೊಳೆಯುವುದಾದರೂ ಹೇಗೆ?

ಇದಕ್ಕೆ ನಮ್ಮ ಕೈಪಿಡಿಗಳು ಕೊಡುವ ಪರಿಹಾರವೆಂದರೆ ಪಟ್ಟಿ. ವ್ಯಕ್ತಿಯಾದರೆ ‘ವಿತ್’, ವಸ್ತುವಾದರೆ ‘ಆ್ಯಟ್’, ವಿಷಯವಾದರೆ ‘ಅಬೌಟ್’ ಎಂದು ಅವು ಹೇಳುತ್ತವೆ. ಈ ಪಟ್ಟಿಯಲ್ಲಿ ಎರಡು ದೋಷಗಳಿವೆ. ಮೊದಲನೆಯದು, ಅದು ಪೂರ್ಣವಾಗಿ ನಿಜವಲ್ಲ. ವ್ಯಕ್ತಿಯೊಡನೆ ‘ಆ್ಯಟ್’ ಬಳಸುವುದು ಅಮೆರಿಕದಲ್ಲಿ ತೀರ ಸಾಮಾನ್ಯ. ಇಂದಿನ ನಿಘಂಟುಗಳು ಅದನ್ನು ತಪ್ಪೆನ್ನುವುದಿಲ್ಲ. ‘ಆ್ಯಂಗ್ರಿ ಆ್ಯಟ್ ಹಿಮ್’ ಎಂದು ಬರೆದವನ ಅಂಕ ಕಳೆಯುವ ಪರೀಕ್ಷಕನು ಭಾಷೆಯನ್ನಲ್ಲ, ಹಳೆಯ ಕೈಪಿಡಿಯನ್ನು ರಕ್ಷಿಸುತ್ತಿದ್ದಾನೆ. ಎರಡನೆಯದು ಇನ್ನೂ ಗುರುತರವಾದುದು: ಪಟ್ಟಿಯು ಕಾರಣವನ್ನು ಹೇಳುವುದಿಲ್ಲ. ಕಾರಣವಿಲ್ಲದ ನಿಯಮವು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ; ಮಾತೃಭಾಷೆಯ ನಿಯಮವಾದರೋ ಉಳಿದುಕೊಳ್ಳುತ್ತದೆ.

ಹಾಗಾದರೆ ಕಾರಣವೇನು? ಎರಡು ಭಾಷೆಗಳ ವಾಕ್ಯರಚನೆಯನ್ನು ಒತ್ತಟ್ಟಿಗಿಟ್ಟು ನೋಡೋಣ. ಕನ್ನಡದಲ್ಲಿ ಸಿಟ್ಟು ಒಂದು ನಾಮಪದ. ಅದು ಎಲ್ಲಿಂದಲೋ ಒಬ್ಬನಿಗೆ ‘ಬರುತ್ತದೆ’, ಇನ್ನೊಬ್ಬನ ‘ಮೇಲೆ’ ಎರಗುತ್ತದೆ. ಸಿಟ್ಟಾದವನಿಗೆ ಚತುರ್ಥೀವಿಭಕ್ತಿ, ಅವನು ಸಿಟ್ಟು ಬಂದು ಸೇರುವ ತಾಣವೇ ಹೊರತು ಕರ್ತೃವಲ್ಲ. ಇಂಗ್ಲಿಷಿನ ‘ಆ್ಯಂಗ್ರಿ’ಯಾದರೋ ಗುಣವಾಚಕ. ಅಲ್ಲಿ ಬರುವ ಹೋಗುವ ವಸ್ತುವೇ ಇಲ್ಲ. ಮನುಷ್ಯನೇ ಒಂದು ಸ್ಥಿತಿಯಲ್ಲಿದ್ದಾನೆ. ಬೀಳುವುದೇ ಏನೂ ಇಲ್ಲದಿರುವಾಗ ‘ಮೇಲೆ’ ಎಂಬುದಕ್ಕೆ ಅವಕಾಶವೆಲ್ಲಿ? ಅದೇ ಇಂಗ್ಲಿಷಿನಲ್ಲಿ ಕೋಪವನ್ನು ನಾಮಪದವಾಗಿ ಹೇಳಿ, ಅದನ್ನು ಇನ್ನೊಬ್ಬನ ಮೇಲೆ ತೀರಿಸಿಕೊಂಡನೆನ್ನುವಾಗ ‘ಹಿ ವೆಂಟೆಡ್ ಹಿಸ್ ಆ್ಯಂಗರ್ ಆನ್ ಹಿಮ್’ ಎಂದು ‘ಆನ್’ ಪ್ರತ್ಯಕ್ಷವಾಗುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಯ ಕಲ್ಪನೆ ಇಂಗ್ಲಿಷಿಗೆ ಹೊರತಾದುದಲ್ಲ. ಕಲ್ಪನೆ ಸರಿ, ಪದ ಬೇರೆ, ಅಷ್ಟೆ.

ಇನ್ನು ‘ವಿತ್’ ಎಂಬುದರ ವಿಚಾರ. ಅದಕ್ಕೆ ‘ಜೊತೆ’ ಎಂಬ ಒಂದೇ ಅರ್ಥವನ್ನು ಬಾಯಿಪಾಠ ಮಾಡಿಸಿದ್ದೇವೆ. ಅದನ್ನು ನಂಬಿದ ಹುಡುಗನಿಗೆ ‘ಆ್ಯಂಗ್ರಿ ವಿತ್ ಹಿಸ್ ಸನ್’ ಎಂದರೆ ತಂದೆ ಮಗ ಇಬ್ಬರೂ ಕೂಡಿ ಮೂರನೆಯವನ ಮೇಲೆ ಸಿಟ್ಟಾದಂತೆ ತೋರಿದರೆ ತಪ್ಪು ಯಾರದು? ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಎದುರಾಗಿ’, ‘ವಿರುದ್ಧವಾಗಿ’ ಎಂಬ ಅರ್ಥವಿದ್ದಿತು. ಎದುರಿಸಿ ನಿಲ್ಲುವುದೆಂಬ ಅರ್ಥದ ‘ವಿತ್‌ಸ್ಟ್ಯಾಂಡ್’ ಎಂಬ ಕ್ರಿಯಾಪದದಲ್ಲಿ ಅದು ಇಂದಿಗೂ ಉಳಿದಿದೆ. ಹೊಡೆದಾಟವನ್ನು ಹೇಳುವ ‘ಫೈಟ್ ವಿತ್’ ಎಂಬಲ್ಲಿಯೂ ಅದರ ನೆರಳಿದೆ. ಕನ್ನಡದಲ್ಲಿ ಇದಕ್ಕೆ ಸಾಟಿಯಾದ ಪ್ರಯೋಗ ಇಲ್ಲವೆ? ‘ಅವನೊಡನೆ ಜಗಳವಾಡಿದ’, ‘ಅವನ ಕೂಡ ಜಗಳ ತೆಗೆದ’ ಎನ್ನುತ್ತೇವೆ. ಈ ‘ಒಡನೆ’, ‘ಕೂಡ’ಗಳಲ್ಲಿ ಸ್ನೇಹದ ಸುಳಿವೂ ಇಲ್ಲ. ‘ಆ್ಯಂಗ್ರಿ’ಯ ಮುಂದಿನ ‘ವಿತ್’ ಜಗಳದ ಈ ‘ಕೂಡ’ವೇ ಹೊರತು ಜಾತ್ರೆಗೆ ಹೋಗುವ ‘ಜೊತೆ’ಯಲ್ಲ ಎಂದು ಒಮ್ಮೆ ತಿಳಿಸಿದರೆ ವಿದ್ಯಾರ್ಥಿ ಅದನ್ನು ಮರೆಯಲಾರನು.

ಕೋಪಕ್ಕೆ ಸಹಜವಾದ ಸಂಬಂಧಸೂಚಕ ಇದೇ ಎಂದು ಯಾವ ಭಾಷೆಯೂ ಹೇಳಿಕೊಳ್ಳುವಂತಿಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದ 37ನೆಯ ಸೂತ್ರದಲ್ಲಿ, ಕ್ರೋಧ, ದ್ರೋಹ, ಈರ್ಷ್ಯೆ, ಅಸೂಯೆಗಳ ಅರ್ಥವುಳ್ಳ ಧಾತುಗಳ ಪ್ರಯೋಗದಲ್ಲಿ ಕೋಪಕ್ಕೆ ಗುರಿಯಾದವನಿಗೆ ಸಂಪ್ರದಾನಸಂಜ್ಞೆಯನ್ನು ವಿಧಿಸಿದನು. ಎಂದರೆ ಅವನಿಗೆ ಚತುರ್ಥಿ. ಮುಂದಿನ ಸೂತ್ರದಲ್ಲಿಯೇ, ಕ್ರುಧ್, ದ್ರುಹ್ ಧಾತುಗಳಿಗೆ ಉಪಸರ್ಗ ಸೇರಿದರೆ ಅವನು ಕರ್ಮವಾಗುತ್ತಾನೆಂದು, ಎಂದರೆ ದ್ವಿತೀಯೆ ಬರುತ್ತದೆಂದು ಹೇಳಿದನು. ಕೋಪ ಅದೇ, ಗುರಿಯಾದವನು ಅವನೇ. ಪದದ ರೂಪ ಬದಲಾದೊಡನೆ ವಿಭಕ್ತಿ ಬದಲಾಯಿತು. ಕನ್ನಡದಲ್ಲಿಯೂ ಇದನ್ನು ಕಾಣಬಹುದು. ‘ಮುನಿ’ ಎಂಬ ಧಾತು ಚತುರ್ಥಿಯನ್ನು ಹಿಡಿಯುವುದಕ್ಕೆ ಬಸವಣ್ಣನವರ ವಚನದಲ್ಲಿಯೇ ನಿದರ್ಶನವಿದೆ, ‘ರೇಗು’, ‘ಸಿಡುಕು’ ಎಂಬುವು ‘ಮೇಲೆ’ಯನ್ನು ಬೇಡುತ್ತವೆ, ‘ಬೈ’ ಎಂಬುದು ಗ್ರಂಥಸ್ಥ ಭಾಷೆಯಲ್ಲಿ ದ್ವಿತೀಯೆಯನ್ನು ಬಯಸುತ್ತದೆ, ಆಡುಮಾತಿನಲ್ಲಿ ‘ಅವಂಗ ಬೈದ’ ಎಂದಾಗುತ್ತದೆ. ಇದರಿಂದ ಸಿದ್ಧವಾಗುವುದಿಷ್ಟು: ಸಂಬಂಧಸೂಚಕವು ಅರ್ಥವನ್ನು ಮಾತ್ರ ಅನುಸರಿಸುವುದಿಲ್ಲ, ಪದವನ್ನು ಅನುಸರಿಸುತ್ತದೆ. ಪದವನ್ನು ಕಲಿಯುವಾಗಲೇ ಅದರ ಸಂಗಾತಿಯನ್ನೂ ಕಲಿಯಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಆ್ಯಂಗ್ರಿ ಆನ್’ ಎಂಬುದು ಭಾರತದಲ್ಲೆಲ್ಲ ಕೇಳಿಬರುವಾಗ ಅದನ್ನು ಭಾರತೀಯ ಇಂಗ್ಲಿಷಿನ ಪ್ರಯೋಗವೆಂದು ಅಂಗೀಕರಿಸಬಾರದೇಕೆ? ಆಡುಮಾತಿನಲ್ಲಿ ಅಂಗೀಕರಿಸಿದರೆ ನಮ್ಮ ಅಭ್ಯಂತರವಿಲ್ಲ. ಆದರೆ ಬರವಣಿಗೆಯಲ್ಲಿ ಈ ಔದಾರ್ಯದ ವೆಚ್ಚವನ್ನು ತೆರುವವರು ನಾವಲ್ಲ. ಕೊಟ್ಟೂರಿನಿಂದಲೋ ಹಡಗಲಿಯಿಂದಲೋ ಉದ್ಯೋಗಕ್ಕೆ ಅರ್ಜಿ ಬರೆಯುವ ಹುಡುಗಿ ಅದನ್ನು ತೆರುತ್ತಾಳೆ. ಅರ್ಜಿಯನ್ನು ಓದುವವನು ಅವಳ ವಿಭಕ್ತಿಜ್ಞಾನವನ್ನು ಮೆಚ್ಚುವುದಿಲ್ಲ, ಅರ್ಜಿಯನ್ನು ಪಕ್ಕಕ್ಕಿಡುತ್ತಾನೆ. ಆದಕಾರಣ ತಿದ್ದುವುದು ಅವಶ್ಯ, ಅವಮಾನಿಸುವುದು ಅನಾವಶ್ಯಕ.

ತಿದ್ದುವ ನಾವು ನಿರ್ದೋಷಿಗಳೇ? ‘ಬಸವಣ್ಣನವರ ಮೇಲೆ ಒಂದು ಪ್ರಬಂಧ’, ‘ವಚನಗಳ ಮೇಲಿನ ಗ್ರಂಥ’ ಎಂದು ನಮ್ಮ ವಿದ್ವತ್ಪತ್ರಿಕೆಗಳಲ್ಲಿಯೇ ಅಚ್ಚಾಗುತ್ತದೆ. ‘ಬಸವಣ್ಣನವರನ್ನು ಕುರಿತ’ ಎಂಬುದು ಕನ್ನಡ. ‘ಮೇಲೆ’ ಎಂಬುದು ಇಂಗ್ಲಿಷಿನ ‘ಆನ್’. ‘ಮಳೆಯನ್ನು ಅವಲಂಬಿಸಿದೆ’ ಎನ್ನಬೇಕಾದಲ್ಲಿ ‘ಮಳೆಯ ಮೇಲೆ ಅವಲಂಬಿಸಿದೆ’ ಎನ್ನುವುದೂ ಅದೇ ಬಗೆಯದು. ವಿದ್ಯಾರ್ಥಿ ನಮ್ಮ ‘ಮೇಲೆ’ಯನ್ನು ಇಂಗ್ಲಿಷಿಗೆ ಒಯ್ದನು, ನಾವು ಇಂಗ್ಲಿಷಿನ ‘ಆನ್’ ಅನ್ನು ಕನ್ನಡಕ್ಕೆ ತಂದೆವು. ಅವನಿಗೆ ಕೆಂಪು ಗೆರೆ, ನಮಗೆ ಪದವಿ!

ಕೊನೆಯದಾಗಿ, ತರಗತಿಯಲ್ಲಿ ಮಾಡಿ ನೋಡಬಹುದಾದ ಒಂದು ಸಣ್ಣ ಅಭ್ಯಾಸವನ್ನು ಸೂಚಿಸುತ್ತೇವೆ. ಹರಪನಹಳ್ಳಿಗೆ ಹೊರಟ ಬಸ್ಸು ಕೊಟ್ಟೂರಿನಲ್ಲಿ ಒಂದು ಗಂಟೆ ನಿಂತುಬಿಟ್ಟಿತೆಂದು ಇಟ್ಟುಕೊಳ್ಳೋಣ. ಪ್ರಯಾಣಿಕನಿಗೆ ಕಂಡಕ್ಟರನ ಮೇಲೆ ಸಿಟ್ಟು, ತಡವಾದದ್ದಕ್ಕೆ ಸಿಟ್ಟು. ಆ ಸಿಟ್ಟನ್ನು ಅವನು ಪಕ್ಕದಲ್ಲಿದ್ದವನ ಮೇಲೆ ತೀರಿಸಿಕೊಂಡ. ಈ ಮೂರನ್ನೂ ಮೊದಲು ತಮ್ಮ ಊರಿನ ಮಾತಿನಲ್ಲಿ ಹೇಳಿಸಿ, ವಿಭಕ್ತಿಯನ್ನು ಗುರುತಿಸಲು ಬಿಡಬೇಕು. ಬಳಿಕ ಇಂಗ್ಲಿಷಿನಲ್ಲಿ ಬರೆಯಿಸಬೇಕು. ಮೊದಲನೆಯದಕ್ಕೆ ‘ವಿತ್’, ಎರಡನೆಯದಕ್ಕೆ ‘ಅಬೌಟ್’, ಮೂರನೆಯದಕ್ಕೆ ‘ಆನ್’ ಬರುವುದನ್ನು ಅವರೇ ಕಾಣುತ್ತಾರೆ. ‘ಆನ್’ ಸಂಪೂರ್ಣವಾಗಿ ಬಹಿಷ್ಕೃತವಲ್ಲ, ಅದಕ್ಕೊಂದು ಸ್ಥಳವಿದೆ ಎಂದು ತಿಳಿದಾಗ ಅವರ ಮುಖ ಅರಳುತ್ತದೆ. ಮನೆಯ ಭಾಷೆ ಇಂಗ್ಲಿಷಿಗೆ ಅಡ್ಡಿಯೆಂದು ನಂಬಿಸಲ್ಪಟ್ಟವರಿಗೆ ಅದೇ ಅಳತೆಗೋಲಾಗಬಲ್ಲುದೆಂದು ತೋರಿಸಿಕೊಡುವುದು ಒಂದು ಪ್ರಿಪೊಸಿಷನ್ನನ್ನು ತಿದ್ದುವುದಕ್ಕಿಂತ ದೊಡ್ಡ ಕೆಲಸವೆಂದು ನಮ್ಮ ನಂಬಿಕೆ.