ಗಿದಾಮ್: ಶವಾಗಾರದಲ್ಲೊಂದು ಮದುವೆ

ದೆವ್ವದ ಸಿನಿಮಾಗಳಲ್ಲಿ ಆಸ್ಪತ್ರೆ ಸವೆದುಹೋದ ಜಾಗ. ಉದ್ದನೆಯ ಕಾರಿಡಾರು, ಮಿಣುಕುವ ದೀಪ, ಯಾರೂ ಇಲ್ಲದ ಕೋಣೆಯಲ್ಲಿ ಹೆಜ್ಜೆಯ ಸದ್ದು ಇಷ್ಟಿದ್ದರೆ ಅರ್ಧ ಕೆಲಸ ಮುಗಿಯಿತು ಎಂದುಕೊಳ್ಳುವ ನಿರ್ದೇಶಕರೇ ಹೆಚ್ಚು. 2007ರಲ್ಲಿ ಬಂದ ಕೊರಿಯನ್ ಚಿತ್ರ ‘ಗಿದಾಮ್’ ಕೂಡ ಇದೇ ಸಾಮಾನುಗಳಿಂದ ಶುರುವಾಗುತ್ತದೆ. ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಅದರ ಭಯವಲ್ಲ, ದುಃಖ. ಹೆಸರಿನ ಅರ್ಥ ‘ವಿಚಿತ್ರ ಕಥೆ’. ಇಂಗ್ಲಿಷಿನಲ್ಲಿ ಅದಕ್ಕೆ ‘ಎಪಿಟಾಫ್’, ಅಂದರೆ ಸಮಾಧಿಯ ಮೇಲಿನ ಬರಹ ಎಂದು ಹೆಸರಿಟ್ಟರು. ಮೂಲಕ್ಕಿಂತ ಈ ಹೆಸರೇ ಚಿತ್ರಕ್ಕೆ ಹೆಚ್ಚು ಒಪ್ಪುತ್ತದೆ ಎನ್ನಿಸುತ್ತದೆ.

ನಿರ್ದೇಶಕರು ಜಂಗ್ ಸಿಕ್ ಮತ್ತು ಜಂಗ್ ಬಮ್-ಸಿಕ್. 1979ರಲ್ಲಿ ಜಂಗ್-ನಮ್ ಎಂಬ ವೃದ್ಧ ಪ್ರಾಧ್ಯಾಪಕನ ಕೈಗೆ ಹಳೆಯ ಫೋಟೋ ಆಲ್ಬಮ್ ಸಿಗುತ್ತದೆ. ಅವನು ತರುಣನಾಗಿದ್ದಾಗ ಕೆಲಸ ಕಲಿತ ಆನ್‌ಸೆಂಗ್ ಆಸ್ಪತ್ರೆಯನ್ನು ಕೆಡವಲಿದ್ದಾರೆ. ಅಲ್ಲಿಂದ ಕಥೆ 1942ಕ್ಕೆ ಹೋಗುತ್ತದೆ. ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದ ಕಾಲ, ಇಂದಿನ ಸಿಯೋಲ್ ಆಗ ಗ್ಯೊಂಗ್‌ಸಂಗ್. ಒಂದೇ ಆಸ್ಪತ್ರೆಯ ಮೂರು ಕಥೆಗಳು ಒಂದರೊಳಗೊಂದು ಹಾದು ಹೋಗುತ್ತವೆ. (ತಿರುವುಗಳನ್ನು ಬಚ್ಚಿಟ್ಟು ಈ ಚಿತ್ರದ ಬಗ್ಗೆ ಬರೆಯಲಾಗದು. ನೋಡಿಲ್ಲದವರು ನೋಡಿ ಬಂದು ಓದಿದರೂ ಸರಿ.)

ಮೊದಲ ಕಥೆಯಲ್ಲಿ ಜಂಗ್-ನಮ್ ಶವಾಗಾರದ ಕಾವಲಿಗಿದ್ದಾನೆ. ಆಸ್ಪತ್ರೆಯ ಮುಖ್ಯಸ್ಥೆಯ ಮಗಳೊಡನೆ ಅವನ ಮದುವೆ ನಿಶ್ಚಯವಾಗಿದೆ, ಆದರೆ ಹುಡುಗಿಯನ್ನು ಅವನು ಕಂಡೇ ಇಲ್ಲ. ನೀರಿಗೆ ಬಿದ್ದು ಸತ್ತ ತರುಣಿಯೊಬ್ಬಳ ಶವ ಅಲ್ಲಿಗೆ ಬರುತ್ತದೆ, ಅವನ ಮನಸ್ಸು ಆ ಮುಖದಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳೇ ಆ ಮಗಳು. ತಾಯಿ ಅವನಿಗೆ ಹೇಳದೆ ಕೇಳದೆ ಸತ್ತ ಮಗಳಿಗೆ ಅವನನ್ನು ಮದುವೆ ಮಾಡಿಸಿದ್ದಾಳೆ. ಆ ರಾತ್ರಿ ಅವನಿಗೊಂದು ಸಂಸಾರ ಕಾಣುತ್ತದೆ. ಜಾರುಬಾಗಿಲುಗಳು ಒಂದಾದ ಮೇಲೊಂದು ತೆರೆಯುತ್ತ ಋತುಗಳು ಬದಲಾಗುತ್ತವೆ, ಗಂಡಹೆಂಡಿರ ಇಡೀ ಆಯುಷ್ಯ ಕೆಲವೇ ನಿಮಿಷಗಳಲ್ಲಿ ಕಣ್ಣೆದುರು ಸರಿದುಹೋಗುತ್ತದೆ. ಇಷ್ಟು ಸುಂದರವಾದ ದೃಶ್ಯವನ್ನು ದೆವ್ವದ ಸಿನಿಮಾಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ನಮ್ಮ ಕರಾವಳಿಯವರಿಗೆ ಇಲ್ಲಿ ಅಚ್ಚರಿಯೇನೂ ಆಗಲಿಕ್ಕಿಲ್ಲ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ತುಳುನಾಡಿನಲ್ಲಿ ಇಂದಿಗೂ ಪ್ರೇತ ಮದುವೆ, ಅಂದರೆ ‘ಕುಲೆ ಮದಿಮೆ’ ಮಾಡುತ್ತಾರೆ. ಎರಡು ಮನೆಯವರು ಕೂತು ಮಾತಾಡುತ್ತಾರೆ, ಸಂಬಂಧ ನೋಡುತ್ತಾರೆ. ಸೀರೆ, ಕರಿಮಣಿ, ಊಟ ಯಾವುದಕ್ಕೂ ಕೊರತೆಯಿಲ್ಲ. ಆದರೆ ಅಲ್ಲಿ ವಧುವೂ ಸತ್ತವಳು, ವರನೂ ಸತ್ತವನು. ಬದುಕಿರುವವರ ಮನೆಯನ್ನು ಸುತ್ತುತ್ತಿದ್ದ ಜೀವಕ್ಕೆ ಅದರದ್ದೇ ಒಂದು ಮನೆ ಮಾಡಿಕೊಟ್ಟು ಕಳಿಸುವ ಉಪಾಯ ಅದು. ‘ಗಿದಾಮ್’ನ ತಾಯಿ ಮಾಡುವುದು ಇದರ ತಿರುವುಮುರುವು. ಅವಳು ಸತ್ತವಳನ್ನು ಕಳಿಸಿಕೊಡುವುದಿಲ್ಲ, ಬದುಕಿರುವ ಒಬ್ಬನನ್ನು ಅವಳಿಗೆ ಕಟ್ಟಿಹಾಕುತ್ತಾಳೆ. ಆಸ್ಪತ್ರೆಯ ಅಧಿಕಾರ ಅವಳ ಕೈಯಲ್ಲಿದೆ, ಅವನು ಅಲ್ಲಿ ಕಲಿಯಲು ಬಂದ ಹುಡುಗ. ನನಗೆ ಹೆದರಿಕೆ ಹುಟ್ಟಿಸಿದ್ದು ಶವವಲ್ಲ, ಈ ಲೆಕ್ಕಾಚಾರ.

ಆ ಮಗಳ ಹೆಸರು ಆವೋಯಿ. ಎರಡನೆಯ ಕಥೆಯ ಬಾಲಕಿ ಆಸಾಕೋ. ಎರಡೂ ಜಪಾನಿ ಹೆಸರುಗಳು. 1940ರಿಂದ ಕೊರಿಯನ್ನರು ಜಪಾನಿ ಮಾದರಿಯ ಹೆಸರು ಇಟ್ಟುಕೊಳ್ಳುವಂತೆ ಸರ್ಕಾರ ಒತ್ತಡ ಹೇರಿತ್ತು. ಹಾಗಾಗಿ ಆ ಕಾಲದಲ್ಲಿ ಹೆಸರು ಕೇಳಿ ಯಾರು ಯಾವ ನಾಡಿನವರೆಂದು ಖಚಿತವಾಗಿ ಹೇಳುವ ಹಾಗಿರಲಿಲ್ಲ. ಇದು ಗೊತ್ತಿದ್ದರೆ ಚಿತ್ರದ ಸಣ್ಣಪುಟ್ಟ ಸಂಭಾಷಣೆಗಳೂ ಬೇರೆಯಾಗಿ ಕೇಳಿಸುತ್ತವೆ.

ಆಸಾಕೋ ಕಾರಿನ ಅಪಘಾತದಲ್ಲಿ ಉಳಿದುಕೊಂಡವಳು. ತಾಯಿ, ಮಲತಂದೆ ಇಬ್ಬರೂ ಸತ್ತಿದ್ದಾರೆ. ಮಾತು ನಿಂತುಹೋದ ಹುಡುಗಿಯ ಬಳಿಗೆ ರಾತ್ರಿ ತಾಯಿಯ ದೆವ್ವ ಬಂದು ಯಾರಿಗೂ ಅರ್ಥವಾಗದ ಸದ್ದಿನಲ್ಲಿ ತೊದಲುತ್ತದೆ. ಇಡೀ ಚಿತ್ರದಲ್ಲಿ ಪ್ರೇಕ್ಷಕರು ನೆನಪಿಟ್ಟುಕೊಳ್ಳುವ ದೃಶ್ಯ ಇದು. ನಟಿ ಪಾರ್ಕ್ ಜಿ-ಆ ಅವರಿಗೆ ಬೇಕಾದದ್ದು ಒಂದು ಮುಖ, ಒಂದು ಗಂಟಲು ಅಷ್ಟೇ. ತಾಯಿ ಏನು ಹೇಳುತ್ತಿದ್ದಾಳೆ? ಶಾಪವೋ, ಲಾಲಿಯೋ? ಕುಂಟುತ್ತ ನಡೆಯುವ ವೈದ್ಯ ಸು-ಇನ್ ತಾಳ್ಮೆಯಿಂದ ಹುಡುಗಿಯ ಮನಸ್ಸಿನೊಳಗೆ ಇಳಿಯಲು ನೋಡುತ್ತಾನೆ. ಅವನ ವಿದ್ಯೆ ಆ ತೊದಲಿನ ಬಾಗಿಲವರೆಗೆ ಮಾತ್ರ ಹೋಗುತ್ತದೆ.

ಮೂರನೆಯದು ವೈದ್ಯ ದಂಪತಿಗಳ ಕಥೆ. ಡಾಂಗ್-ವನ್ ಮತ್ತು ಇನ್-ಯಂಗ್ ಜಪಾನಿನಲ್ಲಿ ಓದಿ ಬಂದವರು. ಊರಿನಲ್ಲಿ ಜಪಾನಿ ಸೈನಿಕರ ಕೊಲೆಗಳು ನಡೆಯುತ್ತಿವೆ. ಒಂದು ರಾತ್ರಿ ಹೆಂಡತಿಗೆ ನೆರಳಿಲ್ಲ ಎಂಬುದು ಗಂಡನ ಕಣ್ಣಿಗೆ ಬೀಳುತ್ತದೆ. ಕೊನೆಗೆ ತಿಳಿಯುವುದು ಬೇರೆ: ಸತ್ತಿರುವವನು ಅವನೇ. ಹೆಂಡತಿ ಅವನನ್ನು ತನ್ನೊಳಗೇ ಇಟ್ಟುಕೊಂಡು ಬದುಕುತ್ತಿದ್ದಾಳೆ.

ಇಲ್ಲಿ ‘ಆಪ್ತಮಿತ್ರ’ ನೆನಪಾಗದೆ ಇರದು. 2004ರ ಆ ಚಿತ್ರದಲ್ಲೂ ಒಬ್ಬಳ ಮೈಯಲ್ಲಿ ಇನ್ನೊಬ್ಬಳಿದ್ದಾಳೆ. ಆದರೆ ಅಲ್ಲಿ ಮನೋವೈದ್ಯರಾಗಿ ವಿಷ್ಣುವರ್ಧನ್ ಬರುತ್ತಾರೆ, ಉಪಾಯ ಹೂಡುತ್ತಾರೆ, ನಾಗವಲ್ಲಿ ಹೋಗುತ್ತಾಳೆ, ಗಂಗಾ ಗಂಡನಿಗೆ ಮರಳಿ ಸಿಗುತ್ತಾಳೆ. ನಾವು ಸಮಾಧಾನವಾಗಿ ಮನೆಗೆ ಬರುತ್ತೇವೆ. ಇನ್-ಯಂಗ್‌ಗೆ ವಾಸಿಯಾದರೆ ಗಂಡ ಎರಡನೆಯ ಸಲ ಸಾಯಬೇಕು. ಸುತ್ತ ಇಷ್ಟೊಂದು ವೈದ್ಯರಿರುವ ಕಟ್ಟಡದಲ್ಲಿ ಅವಳು ಯಾರ ಬಳಿಯೂ ಮದ್ದು ಕೇಳುವುದಿಲ್ಲ.

ಚಿತ್ರದ ಬಗ್ಗೆ ನನ್ನ ತಕರಾರೂ ಇದೇ ಕಥೆಯಲ್ಲಿದೆ. ಸೈನಿಕರ ಕೊಲೆ ಎಂದರೆ ವಸಾಹತು ಕಾಲದಲ್ಲಿ ಸಣ್ಣ ಮಾತಲ್ಲ. ನಿರ್ದೇಶಕರು ಅದನ್ನು ತಿರುವಿಗೆ ಬೇಕಾದಷ್ಟೇ ಬಳಸಿ ಬಿಟ್ಟುಬಿಡುತ್ತಾರೆ. ಗೋಡೆಯಾಚೆಗಿನ ಕೊರಿಯಾ, ಯುದ್ಧಕ್ಕೂ ಗಣಿಗೂ ಜನರನ್ನು ಸಾಗಿಸುತ್ತಿದ್ದ ಕೊರಿಯಾ, ಒಳಗೆ ಬರುವುದು ಹೆಣವಾಗಿ ಮಾತ್ರ. ಒಳಗಿನವರು ಓದಿದವರು, ಒಳ್ಳೆಯ ಕೋಟು ತೊಟ್ಟವರು. ಮರದ ನೆಲ, ಹಿಮ, ಹಳದಿ ಬೆಳಕು ಎಲ್ಲ ಎಷ್ಟು ಚೆನ್ನಾಗಿವೆ ಎಂದರೆ ಆ ಕಾಲ ನಿಜಕ್ಕೂ ಚೆನ್ನಾಗಿತ್ತೇನೋ ಎಂಬ ಭ್ರಮೆ ಹುಟ್ಟುತ್ತದೆ. ಸಿಯೋಲ್ ನಗರದ ನಡುವಿದ್ದ ಜಪಾನಿ ಆಡಳಿತದ ಬೃಹತ್ ಕಟ್ಟಡವನ್ನು ಕೊರಿಯನ್ನರು 1995ರಲ್ಲಿ ಕೆಡವಲು ಶುರುಮಾಡಿದರು, ಉಳಿಸಬೇಕೆಂದವರೂ ಆಗ ಇದ್ದರು. ಚಿತ್ರದ ವೃದ್ಧ ಜಂಗ್-ನಮ್ ಈ ಜಗಳದ ಯಾವ ಪಕ್ಷದಲ್ಲಿರುತ್ತಿದ್ದ? ಆಲ್ಬಮ್ ತಿರುವುವ ಅವನ ಬೆರಳುಗಳನ್ನು ನೋಡಿದರೆ ಉತ್ತರ ಗೊತ್ತಾಗುತ್ತದೆ, ಅದು ಹಿತವಾದ ಉತ್ತರವಲ್ಲ.

ಜಂಗ್ ಬಮ್-ಸಿಕ್ 2018ರಲ್ಲಿ ‘ಗೊಂಜಿಯಾಮ್’ ಎಂಬ ಇನ್ನೊಂದು ಆಸ್ಪತ್ರೆಯ ಚಿತ್ರ ಮಾಡಿದರು. ಅದರಲ್ಲಿ ಮೈಗೆ ಕ್ಯಾಮೆರಾ ಕಟ್ಟಿಕೊಂಡ ಹುಡುಗ ಹುಡುಗಿಯರು ಪಾಳುಬಿದ್ದ ಮಾನಸಿಕ ಆಸ್ಪತ್ರೆಗೆ ನುಗ್ಗಿ ನೇರಪ್ರಸಾರ ಮಾಡುತ್ತಾರೆ. ಅದು ‘ಗಿದಾಮ್’ಗಿಂತ ಹೆಚ್ಚು ಬೆಚ್ಚಿಬೀಳಿಸುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿಗೆ ಹೋದ ಹುಡುಗರಲ್ಲಿ ಯಾರೂ ಯಾರನ್ನೂ ಕಳೆದುಕೊಂಡು ಬಂದವರಲ್ಲ.