ಸ್ಮೃತಿ ಮತ್ತು ಸಾಕ್ಷ್ಯ: 'ಸ್ಟ್ರೇಟ್' ಸಂಸ್ಥೆಯ ಮಾಜಿ ಸದಸ್ಯರ ಕಥನಗಳು

ಅಮೆರಿಕದ ಫ್ಲಾರಿಡಾ ಸಂಸ್ಥಾನದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ 1976ರಲ್ಲಿ ಆರಂಭವಾಗಿ 1993ರಲ್ಲಿ ಮುಚ್ಚಿಹೋದ 'ಸ್ಟ್ರೇಟ್' ಎಂಬ ಸಂಸ್ಥೆಯು, ಮಾದಕ ವಸ್ತುಗಳ ಚಟಕ್ಕೆ ಬಿದ್ದ, ಅಥವಾ ಬಿದ್ದರೆಂದು ತಂದೆತಾಯಿಗಳು ಶಂಕಿಸಿದ, ಹದಿಹರೆಯದ ಮಕ್ಕಳನ್ನು ತಿದ್ದುವ ಉದ್ದೇಶದಿಂದ ಹುಟ್ಟಿದುದು. ಅದರ ಶಾಖೆಗಳು ಹಲವು ಸಂಸ್ಥಾನಗಳಿಗೆ ಹಬ್ಬಿದುವು. 1985ರಲ್ಲಿ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಅವರು ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರನ್ನು ವರ್ಜೀನಿಯದ ಸ್ಪ್ರಿಂಗ್‌ಫೀಲ್ಡ್ ಶಾಖೆಗೆ ಕರೆದೊಯ್ದುದು ಅದರ ಕೀರ್ತಿಯ ಶಿಖರವೆನ್ನಬಹುದು. ಅದಕ್ಕೆ ಎರಡು ವರ್ಷ ಮೊದಲೇ, ಸೋದರನನ್ನು ನೋಡಲು ಬಂದ ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಹಿಡಿದಿಟ್ಟುದಕ್ಕಾಗಿ ವರ್ಜೀನಿಯದ ನ್ಯಾಯಾಲಯವೊಂದರಲ್ಲಿ ಜ್ಯೂರಿಯು ಈ ಸಂಸ್ಥೆಗೆ 2,20,000 ಡಾಲರುಗಳ ದಂಡ-ಪರಿಹಾರವನ್ನು ವಿಧಿಸಿತ್ತು. ಕೀರ್ತಿ ಅಪಕೀರ್ತಿಗಳು ಹೀಗೆ ಏಕಕಾಲದಲ್ಲಿ ಬೆಳೆದುವು. ಅಲ್ಲಿಂದ ಹೊರಬಂದವರ ನೆನಪುಗಳೂ ಹಾಗೆಯೇ ಎರಡಾಗಿ ಸೀಳಿಕೊಂಡಿವೆ: ಆ ಸಂಸ್ಥೆಯು ತಮ್ಮ ಪ್ರಾಣವನ್ನುಳಿಸಿತೆಂದು ಹೇಳುವವರಿದ್ದಾರೆ, ಅದು ತಮ್ಮ ಬಾಳನ್ನು ಮುರಿಯಿತೆಂದು ಹೇಳುವವರಿದ್ದಾರೆ.

ಈ ವಿವಾದವು ಗ್ರಂಥರೂಪಕ್ಕೂ ಇಳಿದಿದೆ. ಸಂಸ್ಥೆಯಲ್ಲಿ ಚಿಕಿತ್ಸಾ ನಿರ್ದೇಶಕರಾಗಿದ್ದ ಮಿಲ್ಲರ್ ನ್ಯೂಟನ್ ಅವರು ಬೆತ್ ಪೋಲ್ಸನ್ ಅವರೊಡನೆ ರಚಿಸಿದ 'ನಾಟ್ ಮೈ ಕಿಡ್' (1984) ತಂದೆತಾಯಿಗಳನ್ನು ಉದ್ದೇಶಿಸಿದ ಕೈಪಿಡಿ. ಮಾಯಾ ಸಲಾವಿಟ್ಸ್ ಅವರ 'ಹೆಲ್ಪ್ ಎಟ್ ಎನಿ ಕಾಸ್ಟ್' (2006) ಪತ್ರಕರ್ತೆಯೊಬ್ಬರು ನಡೆಸಿದ ಕಟುವಾದ ತನಿಖೆ. ಹದಿಹರೆಯದಲ್ಲಿ ಅಲ್ಲಿದ್ದ ಸಿಂಡಿ ಎಟ್ಲರ್ ಅವರ 'ದ ಡೆಡ್ ಇನ್‌ಸೈಡ್' (2017) ಆತ್ಮಕಥನ. ಕೈಪಿಡಿಯಲ್ಲಿ ಮಾತು ದೊಡ್ಡವರದು. ಆತ್ಮಕಥನದಲ್ಲಿ ಮಾತ್ರವೇ ಮಗು ತನ್ನ ದನಿಯಲ್ಲಿ ನುಡಿಯುತ್ತದೆ, ಅದೂ ದಶಕಗಳು ಕಳೆದ ಮೇಲೆ. ವಿಮರ್ಶೆಯ ತೊಡಕು ಇರುವುದು ಇಲ್ಲಿಯೇ. ಇಷ್ಟು ತಡವಾಗಿ ಬಂದ ದನಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು? ಹೊಗಳುವವರನ್ನು ಜಮೆಗೂ ತೆಗಳುವವರನ್ನು ಖರ್ಚಿಗೂ ಬರೆದು ಶಿಲ್ಕು ತೆಗೆಯುವ ರೀತಿಯಿಂದ ಈ ಪ್ರಶ್ನೆ ಇತ್ಯರ್ಥವಾಗಲಾರದು.

ಸಂಸ್ಥೆಯ ದಿನಚರಿಯನ್ನು ಒಮ್ಮೆ ಗಮನಿಸಬೇಕು. ಹೊಸದಾಗಿ ಸೇರಿದವನು ಶಾಲೆಗೆ ಹೋಗುವಂತಿಲ್ಲ. ಸ್ವಂತ ಮನೆಯಲ್ಲಿ ಮಲಗುವಂತಿಲ್ಲ. ಹಿರಿಯ ಸದಸ್ಯನೊಬ್ಬನ ಮನೆಯಲ್ಲಿ ಅವನ ರಾತ್ರಿಯ ವಾಸ. ನಡೆಯುವಾಗ ಹಿರಿಯನು ಅವನ ಸೊಂಟಪಟ್ಟಿಯ ಕುಣಿಕೆಯನ್ನು ಹಿಂದಿನಿಂದ ಹಿಡಿದಿರುತ್ತಾನೆ. ಬಚ್ಚಲಿಗೆ ಹೋದರೂ ಕಾವಲು ತಪ್ಪದು. ಹಗಲೆಲ್ಲ ಸಾಲುಕುರ್ಚಿಗಳಲ್ಲಿ ಕುಳಿತು, ಮಾತನಾಡಲು ಅವಕಾಶ ಬೇಕಾದರೆ ತೋಳುಗಳನ್ನು ಬಿರುಸಾಗಿ ಬೀಸಬೇಕು. ಎದ್ದು ನಿಂತವನು ಹೇಳಬೇಕಾದುದು ತನ್ನ ಗತಜೀವನದ ಕಥೆ: ಸೇವಿಸಿದ ವಸ್ತುಗಳು, ಮಾಡಿದ ತಪ್ಪುಗಳು, ಪಟ್ಟ ನಾಚಿಕೆ. ಹೇಳಿದುದು ಸಾಲದಾದರೆ ಗುಂಪು ಎದುರಿಸಿ ಕೂಗಾಡುವುದು. ಸಾಕಷ್ಟಾದರೆ ಒಕ್ಕೊರಲಿನಿಂದ ಪ್ರೀತಿಯ ಮಾತನ್ನಾಡುವುದು. ಐದು ಹಂತಗಳನ್ನು ದಾಟಿದವನಿಗೆ ಬಿಡುಗಡೆ.

ಈ ವಿವರಗಳ ವಿಷಯದಲ್ಲಿ ಉಭಯಪಕ್ಷಗಳಿಗೂ ಬಹುಮಟ್ಟಿಗೆ ವಿವಾದವಿಲ್ಲವೆಂಬುದು ಗಮನಾರ್ಹ. ಕುಣಿಕೆಯನ್ನು ಹಿಡಿದುದನ್ನು ಇಬ್ಬರೂ ಒಪ್ಪುತ್ತಾರೆ. ಒಬ್ಬನು ಅದನ್ನು ಆಸರೆಯೆನ್ನುತ್ತಾನೆ, ಇನ್ನೊಬ್ಬನು ಸೆರೆಯೆನ್ನುತ್ತಾನೆ. ಹಾಗಾದರೆ ವಿವಾದವು ಸಂಗತಿಯನ್ನು ಕುರಿತದ್ದಲ್ಲ, ಅದರ ಅರ್ಥವನ್ನು ಕುರಿತದ್ದು ಎಂದು ಕೈತೊಳೆದುಕೊಳ್ಳಬಹುದೆ? ಅದೂ ಅಷ್ಟು ಸರಳವಲ್ಲ. ಏಕೆಂದರೆ ಆ ಮಕ್ಕಳನ್ನು ಪ್ರತಿದಿನವೂ ಪಳಗಿಸಿದುದು ನೆನಪಿಸಿಕೊಳ್ಳುವ ಕ್ರಿಯೆಯಲ್ಲಿಯೇ. ನಿಗದಿಯಾದ ಮಾದರಿಗೆ ಹೊಂದುವಂತೆ ಪೂರ್ವಜೀವನವನ್ನು ಹೇಳಿಕೊಳ್ಳದ ಹೊರತು ಅವರಿಗೆ ಮುಂದಿನ ಹಂತವಿರಲಿಲ್ಲ. ಸೇವಿಸದ ವಸ್ತುಗಳನ್ನೂ ಸೇವಿಸಿದೆವೆಂದು ಒಪ್ಪಿಕೊಂಡೆವೆಂದು ಹಲವರು ಅನಂತರ ಹೇಳಿದ್ದಾರೆ. ಸಾಕ್ಷಿಯ ನಾಲಗೆಯನ್ನೇ ತಿದ್ದಿದ ಸಂಸ್ಥೆಯ ವಿಚಾರದಲ್ಲಿ ಅದೇ ನಾಲಗೆಯಿಂದ ಸಾಕ್ಷ್ಯ ಪಡೆಯಬೇಕಾಗಿ ಬಂದಿದೆ.

ಈ ಸಂದರ್ಭದಲ್ಲಿ ತರ್ಕಶಾಸ್ತ್ರದ ಒಂದು ವಿವೇಚನೆ ನೆರವಿಗೆ ಬರುತ್ತದೆ. ಅನ್ನಂಭಟ್ಟನು ಸ್ಮೃತಿಯನ್ನು ಕೇವಲ ಸಂಸ್ಕಾರದಿಂದ ಹುಟ್ಟುವ ಜ್ಞಾನವೆಂದು ಲಕ್ಷಣೀಕರಿಸಿ, ಅದರಲ್ಲಿ ಯಥಾರ್ಥ, ಅಯಥಾರ್ಥ ಎಂಬ ಎರಡು ಬಗೆಗಳನ್ನು ಹೇಳುತ್ತಾನೆ. ಮೂಲದ ಅನುಭವವು ನಿಜವಾಗಿದ್ದರೆ ಸ್ಮೃತಿಯೂ ನಿಜ. ನೈಯಾಯಿಕರು ಸ್ಮೃತಿಗೆ ಪ್ರಮಾಣದ ಪದವಿಯನ್ನು ಕೊಡುವುದಿಲ್ಲ, ಮಧ್ವಮತದವರು ಕೊಡುತ್ತಾರೆ. 'ಸ್ಟ್ರೇಟ್'ನ ಕಥನಗಳ ಮುಂದೆ ಇಬ್ಬರೂ ತುಸು ತಡವರಿಸಬೇಕಾದೀತು. ಏಕೆಂದರೆ ಇಲ್ಲಿ ಸಂಸ್ಕಾರವು ಅನುಭವದಿಂದ ಮಾತ್ರ ಹುಟ್ಟಿದುದಲ್ಲ; ನೂರು ಸಲ ಸಭೆಯಲ್ಲಿ ಹೇಳಿಸಿದುದರಿಂದಲೂ ಹುಟ್ಟಿದೆ.

ಪ್ರಶಂಸಕರನ್ನು ವಿವರಿಸಲು ಟೀಕಾಕಾರರಿಗೆ ಮನಶ್ಶಾಸ್ತ್ರದ ಬೆಂಬಲವಿದೆ. ಆರನ್‌ಸನ್ ಮತ್ತು ಮಿಲ್ಸ್ ಎಂಬವರು 1959ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ಮುಜುಗರದ ಪರೀಕ್ಷೆಯನ್ನು ದಾಟಿ ಗುಂಪನ್ನು ಸೇರಿದ ವಿದ್ಯಾರ್ಥಿನಿಯರು ನೀರಸವಾದ ಚರ್ಚೆಯನ್ನೂ ಹೆಚ್ಚು ಮೆಚ್ಚಿಕೊಂಡರು. ಕಷ್ಟಪಟ್ಟು ಪಡೆದುದನ್ನು ಹೀನವೆನ್ನಲು ಮನಸ್ಸು ಒಪ್ಪುವುದಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಗುಂಪಿಗೆ ಅನ್ವಯಿಸುವ ಸೂತ್ರವನ್ನು ಇಂಥ ಒಬ್ಬ ವ್ಯಕ್ತಿಯ ಕೃತಜ್ಞತೆಗೆ ಅಂಟಿಸಿ, ಅದು ಸುಳ್ಳೆಂದು ತೀರ್ಮಾನಿಸುವುದು ಅವಸರದ ಕೆಲಸ. ಚಟದಿಂದ ಸಾಯಲಿದ್ದವನೊಬ್ಬನು ಅಲ್ಲಿ ಬದುಕಿಕೊಂಡಿರುವುದು ಅಸಂಭವವೇನೂ ಅಲ್ಲ.

ಇಲ್ಲೊಂದು ವಿಚಿತ್ರವಾದ ಸಾದೃಶ್ಯ ಕಾಣಸಿಗುತ್ತದೆ. ತಾನು ವ್ಯಸನಿಯಲ್ಲವೆಂದ ಹುಡುಗನ ನಿರಾಕರಣೆಯನ್ನೇ ಸಂಸ್ಥೆಯು ಅವನ ವ್ಯಸನಕ್ಕೆ ಸಾಕ್ಷಿಯಾಗಿ ಹಿಡಿಯುತ್ತಿತ್ತು. ತನಗೆ ಹಾನಿಯಾಗಲಿಲ್ಲವೆನ್ನುವ ಮಾಜಿ ಸದಸ್ಯನ ಮಾತನ್ನೇ ಕೆಲವು ಟೀಕಾಕಾರರು ಇಂದು ಅವನ ಮತಿಪರಿವರ್ತನೆಗೆ ಸಾಕ್ಷಿಯಾಗಿ ಹಿಡಿಯುತ್ತಾರೆ. ತೀರ್ಮಾನಗಳು ವಿರುದ್ಧ, ಯುಕ್ತಿ ಒಂದೇ. ಪ್ರಶಂಸಕರೂ ಹಿಂದೆ ಬಿದ್ದಿಲ್ಲ. ಎದುರು ಪಕ್ಷದವರು ಇನ್ನೂ ಗುಣವಾಗದವರೆಂಬುದು ಅವರ ಸಿದ್ಧ ಉತ್ತರ. ಆದರೂ ಎರಡು ಪಕ್ಷಗಳನ್ನು ಸಮತೂಕದಲ್ಲಿ ನಿಲ್ಲಿಸುವುದು ನ್ಯಾಯವಾಗದು. ತನಗೆ ಒಳಿತಾಯಿತೆಂಬ ಒಬ್ಬನ ನೆನಪು ನಿಜವೇ ಆಗಿದ್ದರೂ, ಇನ್ನೊಬ್ಬನನ್ನು ಹಿಡಿದಿಟ್ಟರೆಂಬ ಸಂಗತಿಗೆ ಅದು ಉತ್ತರವಲ್ಲ. 1983ರ ಜ್ಯೂರಿಯ ಮುಂದಿದ್ದುದು ಆ ವಿದ್ಯಾರ್ಥಿಯು ಅಲ್ಲಿ ಇಚ್ಛೆಯಿಂದ ಉಳಿದನೇ ಎಂಬ ಪ್ರಶ್ನೆ. ಸಂಸ್ಥೆಯು ಎಷ್ಟು ಮಂದಿಯನ್ನು ಉದ್ಧರಿಸಿತೆಂಬುದಲ್ಲ.

ಎಚ್ಚರಿಕೆಯೂ ಮೊದಲೇ ಸಿಕ್ಕಿತ್ತು. 'ಸ್ಟ್ರೇಟ್'ಗೆ ಮಾದರಿಯಾದುದು ಅದೇ ಫ್ಲಾರಿಡಾದ 'ದ ಸೀಡ್' ಎಂಬ ಸಂಸ್ಥೆ. ಅದರ ಪದ್ಧತಿಗಳು ಕೊರಿಯಾ ಯುದ್ಧದ ಕಾಲದಲ್ಲಿ ಉತ್ತರ ಕೊರಿಯಾದವರು ಬಳಸಿದ ಮತಿಪರಿವರ್ತನೆಯ ತಂತ್ರಗಳನ್ನು ಹೋಲುತ್ತವೆಂದು ಸೆನೆಟ್ಟಿನ ಉಪಸಮಿತಿಯ ವರದಿ 1974ರಲ್ಲಿಯೇ ಹೇಳಿತ್ತು. ಆ ಮಾತಿಗೆ ಯಾರ ಮುಪ್ಪಿನ ನೆನಪೂ ಆಧಾರವಾಗಿರಲಿಲ್ಲ.

ಈ ಕಥನಗಳಲ್ಲಿ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಮೇಲಿನ ಹಂತಕ್ಕೇರಿದ ಪ್ರತಿಯೊಬ್ಬನೂ ಹೊಸಬನ ಕಾವಲುಗಾರನಾಗುತ್ತಿದ್ದನು. ನಿನ್ನೆ ಬೈಸಿಕೊಂಡವನು ಇಂದು ಬೈಯುವವರ ಸಾಲಿನಲ್ಲಿ ಕುಳಿತಿರುತ್ತಿದ್ದನು. ತಾವು ಪಟ್ಟುದನ್ನು ಮಾಜಿ ಸದಸ್ಯರು ವಿಸ್ತಾರವಾಗಿ ಹೇಳುತ್ತಾರೆ. ಇತರರಿಗೆ ಮಾಡಿದುದು ಬಂದಾಗ ಮಾತು ಬಹುಮಟ್ಟಿಗೆ ಚಿಕ್ಕದಾಗುತ್ತದೆ, ಇಲ್ಲವೆ 'ಗುಂಪು' ಎಂಬ ಸಾಮೂಹಿಕ ಕರ್ತೃಪದದ ಮರೆಗೆ ಸರಿಯುತ್ತದೆ. ಪ್ರಶಂಸಕರಿಗೂ ಟೀಕಾಕಾರರಿಗೂ ಇದು ಸಮಾನ. ಕುಣಿಕೆಯನ್ನು ಹಿಡಿದ ಕೈಯ ಕಡೆಯಿಂದ ಬರೆದ ಕಥನವೊಂದು ಬಂದರೆ, ಆಸರೆಯೋ ಸೆರೆಯೋ ಎಂಬ ವಿವಾದಕ್ಕೆ ಇದುವರೆಗಿಲ್ಲದ ಸಾಕ್ಷಿಯೊಬ್ಬನು ದೊರೆತಂತಾಗುತ್ತದೆ.