ಹರವಿನ ಲೆಕ್ಕ ಗಟ್ಟಿ, ದಪ್ಪದ ಲೆಕ್ಕ ಸಡಿಲ

ಆರ್ಕ್‌ಟಿಕ್‌ ಕಡಲಿನ ಮಂಜುಗಡ್ಡೆ ಎಷ್ಟು ಕುಗ್ಗಿತು ಎಂಬುದು ಪ್ರತಿ ಸೆಪ್ಟೆಂಬರಿನಲ್ಲೂ ಸುದ್ದಿಯಾಗುತ್ತದೆ. 2012ರಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದು ದಾಖಲೆಯಾಯಿತು. ಈ ಲೆಕ್ಕದ ಬೇರು 1978ರ ನಿಂಬಸ್‌-7 ಉಪಗ್ರಹದಲ್ಲಿದೆ. ಮಂಜುಗಡ್ಡೆ ಮತ್ತು ನೀರು ಸೂಸುವ ಮೈಕ್ರೋವೇವ್‌ ಬೇರೆ ಬೇರೆ ಬಗೆಯದು. ಅದನ್ನು ಅಳೆಯಲು ಮೋಡವೂ ಅಡ್ಡಿಯಲ್ಲ, ಧ್ರುವದ ದೀರ್ಘ ಕತ್ತಲೂ ಅಡ್ಡಿಯಲ್ಲ.

ಕೊರತೆಗಳಿವೆ. ಸುಮಾರು 25 ಕಿಲೋಮೀಟರ್‌ ಅಗಲದ ಒಂದು ಚೌಕದಲ್ಲಿ ಶೇ 15ರಷ್ಟು ಮಂಜಿದ್ದರೆ ಇಡೀ ಚೌಕ ಮಂಜಿನ ಲೆಕ್ಕಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಮಂಜಿನ ಮೇಲೆ ನಿಂತ ಕರಗುನೀರು ಸೆನ್ಸರಿಗೆ ಬರಿಯ ಕಡಲಿನಂತೆ ಕಾಣುತ್ತದೆ. 2009ರ ಆರಂಭದಲ್ಲಿ ಸೆನ್ಸರೊಂದು ಹದಗೆಟ್ಟು, ಸುಮಾರು ಐದು ಲಕ್ಷ ಚದರ ಕಿಲೋಮೀಟರ್‌ ಮಂಜು ಲೆಕ್ಕದಿಂದ ತಪ್ಪಿಹೋಗಿತ್ತು. ಅಮೆರಿಕದ ರಾಷ್ಟ್ರೀಯ ಹಿಮ ಮತ್ತು ಮಂಜುಗಡ್ಡೆ ದತ್ತಾಂಶ ಕೇಂದ್ರ ಅದನ್ನು ತಾನೇ ಪ್ರಕಟಿಸಿ ತಿದ್ದಿತು. ಹರವಿನ ದಾಖಲೆಯನ್ನು ನಂಬಲು ಈ ಪಾರದರ್ಶಕತೆಯೂ ಒಂದು ಕಾರಣ.

ದಪ್ಪದ ಕಥೆ ಬೇರೆ. 2010ರ ಕ್ರಯೋಸ್ಯಾಟ್‌-2 ರೇಡಾರಿನಿಂದ, 2018ರ ಐಸ್‌ಸ್ಯಾಟ್‌-2 ಲೇಸರಿನಿಂದ ಅಳೆಯುವುದು ನೀರಿನ ಮೇಲೆ ಎದ್ದಿರುವ ಭಾಗವನ್ನು ಮಾತ್ರ. ಮಂಜಿನಲ್ಲಿ ಆ ಪಾಲು ಸುಮಾರು ಹತ್ತರಲ್ಲೊಂದು. ಹಾಗಾಗಿ ಮೇಲೆ ಮೂರು ಸೆಂಟಿಮೀಟರ್‌ ತಪ್ಪಿದರೆ ದಪ್ಪದಲ್ಲಿ ಒಂದು ಅಡಿಯಷ್ಟು ತಪ್ಪುತ್ತದೆ! ಮೇಲೆ ಕೂತ ಹಿಮದ ಭಾರವೂ ಗೊತ್ತಿರಬೇಕು. ಅದಕ್ಕೆ ಬಹುಕಾಲ ಆಧಾರವಾಗಿದ್ದದ್ದು 1954ರಿಂದ 1991ರವರೆಗೆ ಸೋವಿಯತ್‌ ತೇಲುಠಾಣೆಗಳಲ್ಲಿ ಕೋಲು ನೆಟ್ಟು ಬರೆದಿಟ್ಟ ಅಂಕಿಗಳು. ಆಗ ಹಲವು ವರ್ಷ ಹಳೆಯ ಮಂಜು ಹೇರಳವಾಗಿತ್ತು. ಈಗಿರುವುದು ಬಹುಪಾಲು ಒಂದೇ ಚಳಿಗಾಲದ್ದು.

ಹಳೆಯ ಅಂಕಿಗಳು ಈ ಎಳೆಯ ಮಂಜಿಗೆ ಹೊಂದುವುದಿಲ್ಲ ಎಂಬುದನ್ನು ಎತ್ತಿ ತೋರಿಸಿದ್ದು ವಿಮಾನ. ನಾಸಾದ ಆಪರೇಷನ್‌ ಐಸ್‌ಬ್ರಿಜ್‌ 2009ರಿಂದ ಸುಮಾರು 450 ಮೀಟರ್‌ ಎತ್ತರದಲ್ಲಿ ಹಾರುತ್ತ, ಹಿಮದ ಪದರವನ್ನೇ ರೇಡಾರಿನಿಂದ ಅಳೆಯಿತು. ಎಳೆಯ ಮಂಜಿನ ಮೇಲಿನ ಹಿಮ ಹಳೆಯ ಪಟ್ಟಿ ಹೇಳುವುದರ ಸುಮಾರು ಅರ್ಧ ಎಂದು ಕಂಡಿತು. ಉಪಗ್ರಹದ ಲೆಕ್ಕಗಳು ಆ ತಿದ್ದುಪಡಿಯನ್ನು ಒಪ್ಪಿಕೊಂಡವು.

ಭಾರತದ ಪಾಲೂ ಇದೆ. ಇಸ್ರೋ ಮತ್ತು ಫ್ರಾನ್ಸ್‌ ಸೇರಿ 2013ರಲ್ಲಿ ಹಾರಿಸಿದ ಸರಳ್‌ ಉಪಗ್ರಹದ ಕೆಎ ಬ್ಯಾಂಡ್‌ ಅಲೆ ಹಿಮದೊಳಗೆ ಅಷ್ಟಾಗಿ ಇಳಿಯುವುದಿಲ್ಲ, ಕ್ರಯೋಸ್ಯಾಟ್‌ನದು ಹೆಚ್ಚು ಇಳಿಯುತ್ತದೆ. ಎರಡರ ಅಂತರದಿಂದ ಹಿಮದ ಆಳ ಅಂದಾಜಿಸಿದರು. ಸಾಗರಕ್ಕೆಂದು ಮಾಡಿದ ಉಪಕರಣದಿಂದ ಇದು ಜಾಣ ಕೆಲಸವೇ. ಆದರೆ ಸರಳ್‌ ನೋಟ 81.5 ಡಿಗ್ರಿ ಅಕ್ಷಾಂಶಕ್ಕೇ ಮುಗಿಯುತ್ತದೆ. ಯುರೋಪಿನ ಕ್ರಿಸ್ಟಲ್‌ ಉಪಗ್ರಹದಲ್ಲಿ ಎರಡೂ ಅಲೆಗಳು ಒಟ್ಟಿಗಿರಲಿವೆ.

ಐಸ್‌ಬ್ರಿಜ್‌ ಹಾರಾಟ 2019ಕ್ಕೆ ನಿಂತಿತು. ಉಪಗ್ರಹ ಮೇಲೇರಿದ ಮೇಲೆ ವಿಮಾನ ಯಾಕೆ ಎಂಬ ವಾದ ಒಪ್ಪತಕ್ಕದ್ದಲ್ಲ. ಹಿಮದ ಅಳತೆಯನ್ನು ವರ್ಷವರ್ಷವೂ ತಾಳೆ ನೋಡುವ ಹಾರಾಟ ಇಲ್ಲದಿದ್ದರೆ, ದಪ್ಪದ ನಕ್ಷೆಯನ್ನು ಅಂದಾಜೆಂದೇ ಓದಬೇಕು.